ಒಂದೇ ಗೆರೆಯ ಕನ್ನಡಕ್ಕೆ ಮೂರು ಪೆನ್ ಪ್ಲಾಟರ್

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಶಾಲೆಯ ಸರ್ಟಿಫಿಕೇಟು, ಇವೇ ನಮ್ಮ ಕೆಲಸ. ಕಾಸರಗೋಡಿನ ಈ ಕಡೆ ಒಂದೇ ಮನೆಯ ಕಾಗದ ಕನ್ನಡದಲ್ಲೂ ಆಗಬೇಕು, ಮಲಯಾಳದಲ್ಲೂ ಆಗಬೇಕು.

ಸರ್ಟಿಫಿಕೇಟಿನ ಮೇಲೆ ಹೆಸರು, ಲಕೋಟೆಯ ಮೇಲೆ ವಿಳಾಸ ಬರೆದುಕೊಡುತ್ತಿದ್ದವರು ಒಬ್ಬರು ನಿವೃತ್ತ ಮಾಷ್ಟ್ರು. ಅವರ ಅಕ್ಷರ ನೋಡಿದವರು ಲಕೋಟೆಯನ್ನು ಬಿಸಾಡುತ್ತಿರಲಿಲ್ಲ. ಈಗ ಅವರಿಗೆ ಕಣ್ಣು ಸಾಲದು, ಕೈಯೂ ನಡುಗುತ್ತದೆ. ಪ್ರಿಂಟರ್‌ನಲ್ಲಿ ಫಾಂಟ್ ಹಾಕಿ ಹೊಡೆದರೆ ವಿಳಾಸವೇನೋ ಬರುತ್ತದೆ, ಆದರೆ ಅದು ಮಾಷ್ಟ್ರ ಅಕ್ಷರ ಅಲ್ಲ. ನಿಜವಾದ ಪೆನ್ನು ಹಿಡಿದು ಬರೆಯುವ ಯಂತ್ರವೇ ಬೇಕು ಅಂತ ಅನಿಸಿತು. ಹಾಗೆ ಕಳೆದ ಮಳೆಗಾಲದಲ್ಲಿ ಮೂರು ಪೆನ್ ಪ್ಲಾಟರ್‌ಗಳನ್ನು ನನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಒಂದು ಗುಜರಿಯಲ್ಲಿ ಸಿಕ್ಕ ಹಳೆಯ ಎಚ್‌ಪಿ 7475ಎ. ಇನ್ನೊಂದು ನಾನೇ ಕಟ್ಟಿದ್ದು. ಮೂರನೆಯದು ಗೆಳೆಯರೊಬ್ಬರಿಂದ ಎರಡು ವಾರಕ್ಕೆ ತಂದ ಆಕ್ಸಿಡ್ರಾ ಅನ್ನುವ ಸಿದ್ಧ ಯಂತ್ರ. ಮೂರಕ್ಕೂ ಒಂದೇ ಪರೀಕ್ಷೆ: ಹೆಸರು, ಮನೆ ಹೆಸರು, ಅಂಚೆ, ಜಿಲ್ಲೆ ಸೇರಿ ಸುಮಾರು 60 ಅಕ್ಷರದ ಒಂದು ವಿಳಾಸವನ್ನು ಲಕೋಟೆಯ ಮೇಲೆ ಬರೆಯಬೇಕು.

ಮೊದಲು ಹಳೆಯ ಯಂತ್ರ. 7475ಎ ಬಂದದ್ದು 1983ರಲ್ಲಿ. ಆರು ಪೆನ್ನುಗಳ ಒಂದು ಚಕ್ರ, ಎ4 ಮತ್ತು ಎ3 ಕಾಗದ. ಪೆನ್ನು ಒಂದು ದಿಕ್ಕಿಗೆ ಓಡುತ್ತದೆ, ಇನ್ನೊಂದು ದಿಕ್ಕಿಗೆ ಕಾಗದವೇ ಹಿಂದೆ ಮುಂದೆ ಚಲಿಸುತ್ತದೆ. ಅದಕ್ಕೆ ಅರ್ಥವಾಗುವ ಭಾಷೆ ಎಚ್‌ಪಿಜಿಎಲ್. ತುಂಬ ಸರಳವಾದ ಭಾಷೆ: ಪಿಯು ಅಂದರೆ ಪೆನ್ನು ಎತ್ತು, ಪಿಡಿ ಅಂದರೆ ಇಳಿಸು, ಎಸ್‌ಪಿ1 ಅಂದರೆ ಒಂದನೇ ಪೆನ್ನು ತೆಗೆದುಕೋ. ಅದರ ಲೆಕ್ಕದಲ್ಲಿ ಒಂದು ಮಿಲಿಮೀಟರ್‌ಗೆ 40 ಅಂಶ. ಇಷ್ಟು ತಿಳಿದರೆ ನೋಟ್‌ಪ್ಯಾಡ್‌ನಲ್ಲೇ ಕೂತು ಒಂದು ಚೌಕ ಬರೆಸಬಹುದು. ನಾನು ಮೊದಲು ಮಾಡಿದ್ದೂ ಅದನ್ನೇ.

ಕಷ್ಟ ಇದ್ದದ್ದು ಕೇಬಲ್‌ನಲ್ಲಿ. ಇದರ ಹಿಂದೆ ಇರುವುದು 25 ಪಿನ್ನಿನ ಸೀರಿಯಲ್ ಕನೆಕ್ಟರ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ತಂದೆ, ಕೇಬಲ್ ನಾನೇ ಬೆಸುಗೆ ಹಾಕಿದೆ. ಮೊದಲ ಸಲ ಮೂರೇ ತಂತಿ ಹಾಕಿದ್ದೆ. ಚೌಕ ಚೆನ್ನಾಗಿ ಬಂತು. ವಿಳಾಸ ಕಳಿಸಿದಾಗ ಎರಡನೇ ಸಾಲಿನ ಹೊತ್ತಿಗೆ ಪೆನ್ನು ಹಾಳೆಯ ಆಚೆ ತುದಿಗೆ ಗೆರೆ ಎಳೆದು ನಿಂತಿತು. ಕಾರಣ ಇಷ್ಟೇ: ಯಂತ್ರದ ಬಫರ್, ಅಂದರೆ ಬಂದ ಆದೇಶಗಳನ್ನು ಹಿಡಿದಿಡುವ ಜಾಗ, 1024 ಬೈಟ್. ಅದು ತುಂಬಿದಾಗ ‘ಸ್ವಲ್ಪ ನಿಲ್ಲು’ ಅಂತ ಯಂತ್ರ ಹೇಳುವುದು 20ನೇ ಪಿನ್ನಿನಲ್ಲಿ. ಆ ತಂತಿಯನ್ನೇ ನಾನು ಹಾಕಿರಲಿಲ್ಲ. ಕಂಪ್ಯೂಟರ್ ಸುಮ್ನೆ ಕಳಿಸುತ್ತಲೇ ಇತ್ತು, ನಡುವಿನ ಅಂಕಿಗಳೆಲ್ಲ ಬಿದ್ದುಹೋದವು.

ಸರಿಯಾದ ಜೋಡಣೆ ಹೀಗೆ. ಪ್ಲಾಟರಿನ 2ನೇ ಪಿನ್ನು ಕಂಪ್ಯೂಟರ್ ಕಡೆಯ 9 ಪಿನ್ನಿನ ಕನೆಕ್ಟರಿನಲ್ಲಿ 2ಕ್ಕೆ, 3ನೆಯದು 3ಕ್ಕೆ, 7ನೆಯದು 5ಕ್ಕೆ, 20ನೆಯದು 8ಕ್ಕೆ. ಎರಡರ ಪಿನ್ನಿನ ಲೆಕ್ಕ ಬೇರೆ ಬೇರೆ ಆದ್ದರಿಂದ ಇಲ್ಲಿ ತಂತಿ ಅಡ್ಡ ಹಾಯಿಸುವ ಅಗತ್ಯ ಬರುವುದಿಲ್ಲ. ಆಮೇಲೆ ಯಂತ್ರದ ಹಿಂದಿನ ಪುಟ್ಟ ಸ್ವಿಚ್ಚುಗಳಲ್ಲಿ ವೇಗವನ್ನು ಸೆಕೆಂಡಿಗೆ 9600 ಬಿಟ್‌ಗೆ ಇಟ್ಟು, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಪ್ರೋಗ್ರಾಂನ ಎಕ್ಸ್‌ಟೆನ್ಶನ್‌ಗಳಲ್ಲಿ ಎಕ್ಸ್‌ಪೋರ್ಟ್, ಅದರೊಳಗೆ ಪ್ಲಾಟ್ ತೆರೆದು, ಅಲ್ಲೂ ಅದೇ ವೇಗ, ಹಾರ್ಡ್‌ವೇರ್ ಹ್ಯಾಂಡ್‌ಶೇಕ್ (ತಂತಿಯಲ್ಲೇ ‘ನಿಲ್ಲು’ ಹೇಳುವ ಕ್ರಮ), ಭಾಷೆ ಎಚ್‌ಪಿಜಿಎಲ್ ಅಂತ ಕೊಟ್ಟೆ. ಅಲ್ಲಿಂದ ಮುಂದೆ ಒಂದು ಗೆರೆಯೂ ತಪ್ಪಲಿಲ್ಲ. 40 ವರ್ಷ ದಾಟಿದ ಯಂತ್ರ ಇಷ್ಟು ನೇರವಾಗಿ ಗೆರೆ ಎಳೆಯುವುದನ್ನು ನೋಡುವುದೇ ಒಂದು ಸಂತೋಷ.

ಆದರೂ ಲಕೋಟೆಗೆ ಇದು ಆಗುವುದಿಲ್ಲ. ಗಾಲಿಗಳು ಹಿಡಿಯುವುದು ಎ4 ಅಥವಾ ಎ3 ಹಾಳೆಯ ಅಂಚನ್ನು. ಲಕೋಟೆಯನ್ನು ಹಾಳೆಗೆ ಅಂಟಿಸಿ ತೂರಿಸಿದರೆ ಪೆನ್ನು ಅದರ ಅಂಚಿಗೆ ತಾಗುತ್ತದೆ. ನಮ್ಮ ಜುಲೈ ಮಳೆಗೆ ಕಾಗದ ಬೇರೆ ಮೆತ್ತಗಾಗಿರುತ್ತದೆ. ಗಾಲಿಗಳ ನಡುವೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಅಂಚು ಸುಕ್ಕಾಗುತ್ತದೆ. ಪೆನ್ನು ಕೂಡ ಇದರದ್ದೇ ಗಿಡ್ಡ ಪೆನ್ನು ಬೇಕು. ನಮ್ಮ ಪೆನ್ನು ಹಾಕಬೇಕಾದರೆ 3ಡಿ ಪ್ರಿಂಟ್ ಮಾಡಿದ ಹಿಡಿಕೆ ಬೇಕಾಗುತ್ತದೆ.

ವೇಗದ ಲೆಕ್ಕವನ್ನೂ ಹೇಳಬೇಕು. 9600ರಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತದೆ. ಒಂದು ಬಿಂದುವಿಗೆ ಸುಮಾರು ಹತ್ತು ಅಕ್ಷರ ಬೇಕು, ಅಂದರೆ ಸೆಕೆಂಡಿಗೆ 96 ಬಿಂದು. ಇಂಗ್ಲಿಷಿನ ‘ಎಲ್’ಗೆ ಮೂರು ಬಿಂದು ಸಾಕು. ನಮ್ಮ ‘ಣ’ ಅಥವಾ ‘ಞ’ ಅಷ್ಟಕ್ಕೆ ಮುಗಿಯುತ್ತದಾ? ಎಲ್ಲ ಸುರುಳಿ ಅಲ್ವಾ! ಸಣ್ಣ ಸಣ್ಣ ತುಂಡುಗೆರೆಯಾಗಿ ಹೋಗುವಾಗ ಪೆನ್ನು ತಡವರಿಸುತ್ತದೆ. ಇದಕ್ಕೆ ವಿಪೈಪ್ ಅನ್ನುವ ಉಚಿತ ಪ್ರೋಗ್ರಾಂ ನೆರವಾಯಿತು. 0.05 ಮಿಲಿಮೀಟರ್ ಒಳಗಿನ ವ್ಯತ್ಯಾಸ ಬಿಟ್ಟುಬಿಡು ಅಂದರೆ ಬಿಂದುಗಳು ಎಷ್ಟೋ ಕಡಿಮೆಯಾಗುತ್ತವೆ, ಕಣ್ಣಿಗೆ ಏನೂ ತಿಳಿಯುವುದಿಲ್ಲ. ವಿಪೈಪ್‌ಗೆ 7475ಎ ಹೆಸರು ಮೊದಲೇ ಗೊತ್ತಿದೆ. ಕಾಗದದ ಅಳತೆ ಹೇಳಿದರೆ ಅದೇ ಎಚ್‌ಪಿಜಿಎಲ್ ಬರೆದುಕೊಡುತ್ತದೆ.

ಎರಡನೆಯದು ಮನೆಯಲ್ಲೇ ಕಟ್ಟಿದ್ದು. ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್, ಅದರ ಮೇಲೆ ಮೋಟಾರು ಜೋಡಿಸುವ ಸಿಎನ್‌ಸಿ ಶೀಲ್ಡ್, ಮೋಟಾರು ಓಡಿಸುವ ಎ4988 ಡ್ರೈವರ್ ಎರಡು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 17 ಮೋಟಾರು ಎರಡು, ಪೆನ್ನು ಎತ್ತಲಿಕ್ಕೆ ಒಂದು ಪುಟ್ಟ ಸರ್ವೋ ಮೋಟಾರು. ಕೆಲವು ಸಾಮಾನು ಮಂಗಳೂರಿನಿಂದ, ಉಳಿದದ್ದು ಅಂಚೆಯಲ್ಲಿ. ಎಲ್ಲ ಸೇರಿ ಏಳು ಸಾವಿರದ ಒಳಗೆ ಆಯಿತು. ಒಳಗೆ ಓಡುವ ಪ್ರೋಗ್ರಾಂ ಗರ್ಬಲ್, ಸರ್ವೋಗೆ ಹೊಂದುವ ಹಾಗೆ ಬದಲಿಸಿದ್ದು.

ಕಂಪ್ಯೂಟರಿಗೆ ಸಿಕ್ಕಿಸಿದಾಗ ಬೋರ್ಡ್ ಕಾಣಿಸಲೇ ಇಲ್ಲ. ನನ್ನದು ಲಿನಕ್ಸ್. ಕಾಣಿಸುತ್ತದೆ, ಎರಡು ಸೆಕೆಂಡಿಗೆ ಮಾಯ. ಅರ್ಧ ದಿನ ಕೇಬಲ್ ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ತಿಳಿದದ್ದು: ಅಗ್ಗದ ಊನೋಗಳಲ್ಲಿ ಇರುವ ಸಿಎಚ್340 ಚಿಪ್ಪಿನ ಯುಎಸ್‌ಬಿ ಸಂಖ್ಯೆಯೂ ಒಂದು ಬ್ರೈಲ್ ಯಂತ್ರದ ಸಂಖ್ಯೆಯೂ ಒಂದೇ. ಬ್ರೈಲ್ ಓದಿಸುವ ಪ್ರೋಗ್ರಾಂ ಬಂದು ಇದು ತನ್ನ ಯಂತ್ರ ಅಂತ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಅದನ್ನು ಬಳಸುವವರು ಇಲ್ಲದ ಕಾರಣ ತೆಗೆದೆ, ಸರಿಯಾಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಅದು ಬೇಕಿದ್ದರೆ ದಯವಿಟ್ಟು ತೆಗೆಯಬೇಡಿ, ಈ ಒಂದು ಸಂಖ್ಯೆಯನ್ನು ಮಾತ್ರ ಅದರ ಪಟ್ಟಿಯಿಂದ ಬಿಡಿಸಿ. ಜೊತೆಗೆ ನಿಮ್ಮ ಬಳಕೆದಾರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಬೇಕು, ಇಲ್ಲದಿದ್ದರೆ ಪೋರ್ಟ್ ತೆರೆಯಲಿಕ್ಕೆ ಅನುಮತಿ ಸಿಗುವುದಿಲ್ಲ.

ಆಮೇಲೆ ಅಳತೆ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ, ಡ್ರೈವರ್ ಒಂದೊಂದನ್ನೂ 16 ತುಂಡು ಮಾಡುತ್ತದೆ, ಒಟ್ಟು 3200. ಪುಲ್ಲಿಗೆ 20 ಹಲ್ಲು, ಬೆಲ್ಟಿನ ಹಲ್ಲಿನ ಅಂತರ 2 ಮಿಲಿಮೀಟರ್, ಒಂದು ಸುತ್ತಿಗೆ 40 ಮಿಲಿಮೀಟರ್. 3200ನ್ನು 40ರಿಂದ ಭಾಗಿಸಿದರೆ 80. ಈ 80ನ್ನು ಗರ್ಬಲ್‌ನ ಸೆಟ್ಟಿಂಗ್‌ಗಳಾದ $100 ಮತ್ತು $101 ಎರಡಕ್ಕೂ ಕೊಡಬೇಕು. 100 ಮಿಲಿಮೀಟರ್ ಚೌಕ ಬರೆಸಿ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. ನನ್ನದು ಒಂದು ಕರ್ಣ 142.8, ಇನ್ನೊಂದು 140. ಅಂದರೆ ಕಂಬಿಗಳು ಮೂಲೆಮಟ್ಟಕ್ಕೆ ಇರಲಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಹೋಗಬೇಡಿ, ಸ್ಕ್ರೂ ಸಡಿಲಿಸಿ ಅಲ್ಲೇ ಸರಿಮಾಡಿ.

ನನ್ನನ್ನು ತುಂಬ ಸತಾಯಿಸಿದ್ದು ಇನ್ನೊಂದು. ಪ್ರತಿ ಅಕ್ಷರಕ್ಕೂ ಕೂದಲೆಳೆಯಷ್ಟು ಜಾರುತ್ತಿತ್ತು. ಸಾಲಿನ ಕೊನೆಗೆ ಬರುವಾಗ ಅಕ್ಷರ ಬೆಟ್ಟ ಹತ್ತಿದ ಹಾಗೆ. ಬೆಲ್ಟ್ ಬಿಗಿ ಮಾಡಿದೆ, ಡ್ರೈವರಿನ ಕರೆಂಟು ಹೆಚ್ಚಿಸಿದೆ, ಪವರ್ ಇರುವಾಗಲೇ ಮೋಟಾರಿನ ತಂತಿ ಕಿತ್ತು ಒಂದು ಡ್ರೈವರ್ ಸುಟ್ಟೂ ಹೋಯಿತು. ಕಾರಣ ಬೇರೆಯೇ ಇತ್ತು. ಪೆನ್ನು ಏಳುವ ಹೊತ್ತಿಗೆ ಮೋಟಾರು ನಿಲ್ಲುತ್ತದೆ, ನಿಂತ 25 ಮಿಲಿಸೆಕೆಂಡಿಗೆ ಗರ್ಬಲ್ ಅದರ ಹಿಡಿತ ಬಿಡುತ್ತದೆ. ಸರ್ವೋ ಒದೆತಕ್ಕೆ ತೋಳು ಅಲುಗುತ್ತದೆ. ಗರ್ಬಲ್‌ನ $1 ಸೆಟ್ಟಿಂಗ್‌ಗೆ 255 ಕೊಟ್ಟರೆ ಹಿಡಿತ ಬಿಡುವುದೇ ಇಲ್ಲ. ಒಂದು ಸಾಲು ಬದಲಿಸಿದ್ದಕ್ಕೆ ಎರಡು ವಾರದ ತಲೆನೋವು ಹೋಯಿತು.

ಸರ್ವೋಗೆ 5 ವೋಲ್ಟ್ ಬೇರೆ ಕಡೆಯಿಂದ ಕೊಡಿ, ಗ್ರೌಂಡ್ ತಂತಿ ಮಾತ್ರ ಬೋರ್ಡಿನ ಜೊತೆ ಸೇರಲಿ. ಊನೋದಿಂದಲೇ ಕೊಟ್ಟರೆ ಸರ್ವೋ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡ್ ಮೊದಲಿನಿಂದ ಶುರುವಾಗುತ್ತದೆ. ಎತ್ತರ ಹೊಂದಿಸುವುದರಲ್ಲೂ ಒಂದು ಮಿತಿ ಇದೆ. ನನ್ನ ಗರ್ಬಲ್‌ನಲ್ಲಿ ಸರ್ವೋದ ಪೂರ್ತಿ ತಿರುಗಾಟಕ್ಕೆ ಸಿಗುವುದು ಸುಮಾರು 30 ಹಂತ ಮಾತ್ರ. ಹಾಗಾಗಿ ಪೆನ್ನಿನ ಒತ್ತಡವನ್ನು ಸರ್ವೋಗೆ ಬಿಡಬಾರದು. ಪೆನ್ನು ತನ್ನ ಭಾರಕ್ಕೇ ಕಾಗದದ ಮೇಲೆ ಕೂರಲಿ, ಸರ್ವೋ ಎತ್ತುವ ಕೆಲಸ ಮಾತ್ರ ಮಾಡಲಿ.

ಒಂದು ವಿಷಯ ನನಗೆ ತುಂಬ ಇಷ್ಟವಾಯಿತು. 1983ರ ಯಂತ್ರದ ಬಫರ್ 1024 ಬೈಟ್ ಅಂದೆನಲ್ಲ, ಗರ್ಬಲ್ ಒಳಗೆ ತೆಗೆದುಕೊಳ್ಳುವ ಬಫರ್ 128 ಬೈಟ್! ಅದಕ್ಕೇ ಅದು ಒಂದೊಂದು ಸಾಲಿಗೂ ‘ಓಕೆ’ ಅನ್ನುತ್ತದೆ, ಕಳಿಸುವ ಪ್ರೋಗ್ರಾಂ ಆ ಓಕೆಗೆ ಕಾಯುತ್ತದೆ. ನಾನು ಬಳಸಿದ್ದು ಯೂನಿವರ್ಸಲ್ ಜಿಕೋಡ್ ಸೆಂಡರ್, ವೇಗ 115200.

ಆಕ್ಸಿಡ್ರಾ ಬಗ್ಗೆ ಹೇಳಲಿಕ್ಕೆ ಜಾಸ್ತಿ ಇಲ್ಲ, ಯಾಕೆಂದರೆ ಅದು ತೊಂದರೆ ಕೊಡಲಿಲ್ಲ. ಯುಎಸ್‌ಬಿ ಸಿಕ್ಕಿಸಿ, ಇಂಕ್‌ಸ್ಕೇಪ್‌ಗೆ ಅದರ ಎಕ್ಸ್‌ಟೆನ್ಶನ್ ಹಾಕಿ, ಪೆನ್ನು ಏಳುವ ಎತ್ತರ ಇಳಿಯುವ ಎತ್ತರ ಶೇಕಡಾ ಲೆಕ್ಕದಲ್ಲಿ ಕೊಟ್ಟರೆ ಬರೆಯಲು ಶುರು. ಅರ್ಧ ಗಂಟೆಯಲ್ಲಿ ಮೊದಲ ಲಕೋಟೆ ಆಯಿತು. ಅದರ ಕೈ ಕಾಗದದ ಮೇಲೆ ಚಾಚಿಕೊಂಡಿರುವುದರಿಂದ ಲಕೋಟೆಯೇನು, ದಪ್ಪ ಪುಸ್ತಕದ ಮೊದಲ ಪುಟದಲ್ಲೂ ಬರೆಸಬಹುದು. ನಡುವೆ ನಿಲ್ಲಿಸಿ, ನಿಂತಲ್ಲಿಂದ ಮುಂದುವರಿಸುವ ಅನುಕೂಲ ಇದೆ. ಪೆನ್ನಿನ ಶಾಯಿ ಮುಗಿದಾಗ ಇದು ದೊಡ್ಡ ಉಪಕಾರ. ಬೆಲೆ ಮಾತ್ರ ನಮ್ಮಂಥ ಅಂಗಡಿಗೆ ಹಲವು ತಿಂಗಳ ದುಡಿಮೆ.

ಈಗ ಅಕ್ಷರದ ಮಾತು. ಮೂರು ಯಂತ್ರಗಳೂ ಒಂದೇ ಕಡೆ ಸೋತವು. ಫಾಂಟ್ ಅನ್ನುವುದು ಅಕ್ಷರದ ಹೊರಗೆರೆ. ಪ್ರಿಂಟರ್ ಒಳಗೆ ಬಣ್ಣ ತುಂಬುತ್ತದೆ, ಪ್ಲಾಟರ್ ಬರೀ ಅಂಚು ಬರೆಯುತ್ತದೆ. ‘ಶ್ರೀ’ ಅಂತ ಬರೆಸಿದರೆ ಒಳಗೆ ಟೊಳ್ಳಾದ ಜೋಡಿಗೆರೆಯ ಶ್ರೀ. ಇಂಗ್ಲಿಷಿಗೆ ಈ ಸಮಸ್ಯೆ ಇಲ್ಲ. 1967ರಲ್ಲೇ ಅಲೆನ್ ಹರ್ಷಿ ಒಂದೇ ಗೆರೆಯ ಅಕ್ಷರಗಳನ್ನು ಮಾಡಿಟ್ಟಿದ್ದಾರೆ, ಇಂಕ್‌ಸ್ಕೇಪ್‌ನಲ್ಲಿ ಅವು ಜೊತೆಗೇ ಬರುತ್ತವೆ. ಅದರಲ್ಲಿ ಕನ್ನಡ ಇಲ್ಲ. ನಾವೇ ಒಂದು ಫಾಂಟ್ ಮಾಡಿ ಸೇರಿಸಿದರೂ ಅದು ಒಂದೊಂದೇ ಸಂಕೇತವನ್ನು ಸಾಲಾಗಿ ಇಡುತ್ತದೆ. ‘ಸ್ತ್ರೀ’ಯ ಒತ್ತುಗಳು ಕೆಳಗೆ ಹೋಗುವುದಿಲ್ಲ, ಪಕ್ಕದಲ್ಲಿ ಕೂರುತ್ತವೆ.

ಮೂರು ದಾರಿ ನೋಡಿದೆ. ಒಂದು, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ನಡುಗೆರೆ ಹುಡುಕುವ ಆಯ್ಕೆ. ನೇರ ಗೆರೆಗೆ ಪರವಾಗಿಲ್ಲ, ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ ಮುಳ್ಳು ಮುಳ್ಳಾಗಿ ಬರುತ್ತದೆ. ಎರಡು, ತೆಳುವಾದ ಫಾಂಟನ್ನು ಸುಮಾರು 4 ಮಿಲಿಮೀಟರ್ ಎತ್ತರಕ್ಕೆ ಇಟ್ಟು 0.7ರ ಪೆನ್ನಿನಲ್ಲಿ ಬರೆಸುವುದು. ಎರಡು ಅಂಚೂ ಒಂದಕ್ಕೊಂದು ಸೇರಿ ತುಂಬಿದ ಅಕ್ಷರದ ಹಾಗೆ ಕಾಣುತ್ತದೆ. ಅವಸರದ ಕೆಲಸಕ್ಕೆ ಇದು ಸಾಕು, ಆದರೆ ಪ್ರತಿ ಗೆರೆಯನ್ನು ಎರಡು ಸಲ ಬರೆದಂತೆ, ಶಾಯಿ ಒಣಗಲು ಹೊತ್ತು ಬೇಕು. ಮಳೆಗಾಲದಲ್ಲಿ ಕೈ ತಾಗಿದರೆ ಕಲೆ.

ಮೂರನೆಯದು ನಿಜವಾದ ದಾರಿ. ಮಾಷ್ಟ್ರ ಹಳೆಯ ಲಕೋಟೆಗಳನ್ನು ಸ್ಕ್ಯಾನ್ ಮಾಡಿ, ಅವರ ಕೈ ಓಡಿದ ದಿಕ್ಕಿನಲ್ಲೇ ಪ್ರತಿ ಅಕ್ಷರದ ಮೇಲೆ ಗೆರೆ ಎಳೆದೆ. ಗುಡಿಸು, ಕೊಂಬು, ಏತ್ವ, ವಟ್ರಸುಳಿ, ಒಂದೊಂದು ಒತ್ತು, ಎಲ್ಲ ಬೇರೆ ಬೇರೆ. ಯೂನಿಕೋಡ್ ಪಠ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒತ್ತನ್ನು ಕೆಳಗೆ ಕೂರಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದ ವಿಳಾಸಗಳನ್ನೆಲ್ಲ ಮೊದಲು ಯೂನಿಕೋಡಿಗೆ ತರಬೇಕಾಯಿತು. ಎರಡು ತಿಂಗಳ ರಾತ್ರಿಗಳು ಇದಕ್ಕೆ ಹೋದವು, ಒಂದಕ್ಕೂ ಬೇಸರ ಇಲ್ಲ.

ಇಲ್ಲಿಗೆ ಬಂದ ಮೇಲೆ ನನ್ನ ಆಯ್ಕೆ ಸುಲಭವಾಯಿತು. ಮಾಷ್ಟ್ರ ಅಕ್ಷರಕ್ಕೆ ಸರಾಸರಿ ಎರಡು ಸಲ ಪೆನ್ನು ಏಳುತ್ತದೆ. ಒಂದು ವಿಳಾಸಕ್ಕೆ 120 ಸಲ. ಒಂದು ಸಲ ಎದ್ದು ಇಳಿಯಲು 0.4 ಸೆಕೆಂಡ್ ಆದರೆ 48 ಸೆಕೆಂಡ್ ಬರೀ ಏಳುವುದಕ್ಕೆ ಹೋಗುತ್ತದೆ. ಮನೆಯ ಯಂತ್ರದಲ್ಲಿ ಎತ್ತರ ಕಡಿಮೆ ಮಾಡಿ, ಕಾಯುವ ಹೊತ್ತನ್ನು ಅರ್ಧಕ್ಕೆ ಇಳಿಸಿದೆ. 300 ಲಕೋಟೆಗೆ ಎರಡು ಗಂಟೆ ಉಳಿಯಿತು. ಕೆಟ್ಟರೆ ಬಿಚ್ಚಿ ಸರಿಮಾಡಲಿಕ್ಕೂ ಆಗುತ್ತದೆ, ಎಂಥ ಪೆನ್ನು ಬೇಕಾದರೂ ಹಿಡಿಯುತ್ತದೆ. ನಿಮಗೆ ಬಿಚ್ಚುವ ಜೋಡಿಸುವ ತಾಳ್ಮೆ ಇಲ್ಲ, ದುಡ್ಡು ಇದೆ ಅಂದರೆ ಆಕ್ಸಿಡ್ರಾದಂಥ ಸಿದ್ಧ ಯಂತ್ರವನ್ನೇ ತೆಗೆದುಕೊಳ್ಳಿ. 7475ಎಯನ್ನು ನಾನು ಬಿಡುವುದಿಲ್ಲ, ಸರ್ಟಿಫಿಕೇಟಿನ ಬಣ್ಣದ ಅಂಚು ಅದರಷ್ಟು ಚೆನ್ನಾಗಿ ಇನ್ಯಾವುದೂ ಬರೆಯುವುದಿಲ್ಲ.

ಮೊದಲ ಲಕೋಟೆಯನ್ನು ಮಾಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

“ಮಾಷ್ಟ್ರೇ, ಹೇಗಿದೆ?”

“ಅಕ್ಷರ ನನ್ನದೇ. ಆದರೆ ನೋಡು, ಈ ತ ಒತ್ತು ನಾನು ಇಷ್ಟು ಮೇಲೆ ಹಾಕುವುದಿಲ್ಲ. ಉಸಿರಾಡಲು ಜಾಗ ಬೇಡವಾ ಅದಕ್ಕೆ?”

ಆ ರಾತ್ರಿ ತ ಒತ್ತನ್ನು 0.4 ಮಿಲಿಮೀಟರ್ ಕೆಳಗೆ ಇಳಿಸಿದೆ. ಕ್ಷ ಮತ್ತು ಜ್ಞ ಎರಡನ್ನು ಅವರು ಇನ್ನೊಮ್ಮೆ ದೊಡ್ಡದಾಗಿ ಬರೆದುಕೊಡುತ್ತೇನೆ ಅಂದಿದ್ದಾರೆ, ಬೆಳಗಿನ ಬಿಸಿಲು ಇರುವಾಗ.