16ಕ್ಕೆ ಬೆರಳು ಸಾಲಲಿಲ್ಲ: ಎರಡು ದಿನದ ರೆಫ್ರಿ ಕ್ಲಾಸ್ ಹೇಗಿತ್ತು

ಹೋದ ತಿಂಗಳು ಮೈಸೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ರೆಫ್ರಿಗಳಿಗೆ ಅಂತ ಎರಡು ದಿನದ ರಿಫ್ರೆಶರ್ ಕ್ಲಾಸ್ ನಡೆಯಿತು. ಫೀಸು 1,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ನಡೆಸಿದವರ ಹೆಸರು ಹಾಕುವುದಿಲ್ಲ, ಬೈಯುವುದು ಸ್ವಲ್ಪ ಇದೆ. ನನ್ನ ಹಾಗೆ ತುಂಬಾ ವರ್ಷ ವಿಶಲ್ ಬಿಟ್ಟು ಈಗ ಮತ್ತೆ ಕೋರ್ಟಿಗೆ ಇಳಿಯೋಣ ಅಂತಿರುವವರಿಗೆ ಇಂಥದ್ದಕ್ಕೆ ದುಡ್ಡು ಹಾಕಬಹುದಾ ಅಂತ ಹೇಳುವುದಷ್ಟೇ ನನ್ನ ಕೆಲಸ.

ನಾನು ಕಾಲೇಜು, ಜಿಲ್ಲಾ ಮಟ್ಟದಲ್ಲಿ ರೆಫ್ರಿಯಾಗಿದ್ದು 2012ರವರೆಗೆ. ಆಗ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಜರ್ಸಿ ನಂಬರ್ 4ರಿಂದ 15, ಅಷ್ಟೇ. 1, 2, 3 ಯಾಕಿಲ್ಲ ಅಂದರೆ ಆ ಬೆರಳುಗಳನ್ನು ಪಾಯಿಂಟಿಗೂ ಫ್ರೀ ಥ್ರೋಗೂ ತೋರಿಸುತ್ತೀವಿ, ಕಲಸಿಹೋಗುತ್ತೆ ಅಂತ ಹಳಬರು ಹೇಳುತ್ತಿದ್ದರು. ಫೌಲ್ ಮಾಡಿದವರ ನಂಬರನ್ನು ಸ್ಕೋರರ್ ಟೇಬಲ್‌ಗೆ ಕೈಯಲ್ಲಿ ತೋರಿಸಿ ಹೇಳುವುದು ಸುಲಭವಿತ್ತು. ಹತ್ತರವರೆಗೆ ಬೆರಳೆಣಿಕೆ. ಅದಾದ ಮೇಲೆ ಬಲಗೈ ಮುಷ್ಟಿ ಹತ್ತು, ಎಡಗೈ ಬೆರಳು ಉಳಿದದ್ದು. ಮುಷ್ಟಿ, ಪಕ್ಕದಲ್ಲಿ ಎರಡು ಬೆರಳು: ಹನ್ನೆರಡು. ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ.

2014ರಲ್ಲಿ ಫಿಬಾ ಬಾಗಿಲು ತೆರೆದುಬಿಟ್ಟಿತು. 0, 00, ಮತ್ತೆ 1ರಿಂದ 99ರವರೆಗೆ ಯಾವ ನಂಬರ್ ಬೇಕಾದರೂ ಹಾಕಿಕೊಳ್ಳಿ ಅಂತ. ಆಟಗಾರರಿಗೆ ಖುಷಿ, ರೆಫ್ರಿಗೆ ಫಜೀತಿ. ಇರುವುದು ಹತ್ತೇ ಬೆರಳು, ಅಲ್ವಾ? ಅದಕ್ಕೆ ಹೊಸ ಸಿಗ್ನಲ್ ಬಂತು. ಮೊದಲು ಕೈ ತಿರುಗಿಸಿ, ಹಿಂಬದಿ ಟೇಬಲ್ ಕಡೆ ಇರುವಂತೆ ಹಿಡಿದು ಹತ್ತರ ಸ್ಥಾನ ತೋರಿಸಬೇಕು. ಆಮೇಲೆ ಅಂಗೈ ತೋರಿಸಿ ಬಿಡಿ ಸ್ಥಾನ. 24 ಅಂದರೆ ತಿರುಗಿಸಿದ ಕೈಯಲ್ಲಿ ಎರಡು, ಅಂಗೈಯಲ್ಲಿ ನಾಲ್ಕು. 62 ಅಂದರೆ ಎರಡೂ ಕೈ ತಿರುಗಿಸಿ ಆರು, ಆಮೇಲೆ ಅಂಗೈಯಲ್ಲಿ ಎರಡು. ಇಷ್ಟೇ ಆಗಿದ್ದರೆ ಒಂದು ದಿನದಲ್ಲಿ ಕಲಿಯಬಹುದಿತ್ತು. ಆದರೆ 11ರಿಂದ 15ಕ್ಕೆ ಹಳೆಯ ಮುಷ್ಟಿಯನ್ನೇ ಉಳಿಸಿಕೊಂಡಿದ್ದಾರೆ! 15ಕ್ಕೆ ಒಂದು ಪದ್ಧತಿ, 16ಕ್ಕೆ ಇನ್ನೊಂದು. ಹಳೇ ಕೈಗಳು ಎಡವುವುದೇ ಆ ಗಡಿಯಲ್ಲಿ.

ನಾನೂ ಅಲ್ಲೇ ಎಡವಿದೆ. ಕ್ಲಾಸಿಗೆ ಮುಂಚೆ, ಎಲ್ಲ ಗೊತ್ತು ಅನ್ನುವ ಧೈರ್ಯದಲ್ಲಿ ಒಂದು ಕಾಲೇಜು ಪಂದ್ಯಕ್ಕೆ ಹೋಗಿದ್ದೆ. ಮೊದಲ ಫೌಲೇ 16ನೇ ನಂಬರಿನ ಹುಡುಗನದ್ದು. ಟೇಬಲ್ ಮುಂದೆ ನಿಂತೆ, ಬಲಗೈ ತಾನಾಗಿ ಮುಷ್ಟಿಯಾಯಿತು, ಎಡಗೈಯ ಐದೂ ಬೆರಳು ತೆರೆದವು, ಇನ್ನೊಂದು ಬೆರಳು ಎಲ್ಲಿಂದ ತರಲಿ? ಬೆಂಚಿನ ಹುಡುಗರು ನಕ್ಕರು. ಅದು ಬಿಡಿ, ಮೂರನೇ ಕ್ವಾರ್ಟರ್‌ನಲ್ಲಿ ಆಗಿದ್ದು ನಗುವ ವಿಷಯ ಅಲ್ಲ. 52ಕ್ಕೆ ಕೈ ತಿರುಗಿಸುವುದನ್ನು ಮರೆತು ಗಡಿಬಿಡಿಯಲ್ಲಿ ಐದು, ಎರಡು ಅಂತ ಎರಡೂ ಅಂಗೈ ತೋರಿಸಿಬಿಟ್ಟೆ. ಸ್ಕೋರರ್ ಮೇಡಂ 7 ಅಂತ ಬರೆದುಕೊಂಡರು. ಅವರ ತಪ್ಪೇನೂ ಇಲ್ಲ, ಐದೂ ಎರಡೂ ಏಳೇ. ಏಳನೇ ನಂಬರಿನವನಿಗೆ ಆಗಲೇ ನಾಲ್ಕು ಫೌಲ್ ಆಗಿತ್ತು. ಐದಾದರೆ ಮನೆಗೆ. ಅವರ ಕೋಚ್ ಓಡಿಬಂದು ಕೂಗಾಡಿದ ಮೇಲೆ ಸರಿಯಾಯಿತು. ಮಾರನೇ ದಿನವೇ ಕ್ಲಾಸಿಗೆ ಹೆಸರು ಕೊಟ್ಟೆ.

ಈಗ ಕ್ಲಾಸಿನ ವಿಷಯ. ಶನಿವಾರ ಬೆಳಿಗ್ಗೆ ಪೂರ್ತಿ ವೇಸ್ಟ್. ಮೂರು ಗಂಟೆ ಪ್ರೊಜೆಕ್ಟರ್ ಮುಂದೆ ಕೂರಿಸಿ ನಿಯಮ ಓದಿದರು. ನಿಯಮ ಪುಸ್ತಕದ ಪಿಡಿಎಫ್ ಫಿಬಾ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ, ಅದನ್ನು ಮನೆಯಲ್ಲೇ ಓದಿಕೊಂಡು ಬನ್ನಿ ಅಂದಿದ್ದರೆ ಸಾಕಿತ್ತು. ವೀಡಿಯೊ ರೀಪ್ಲೇ ನೋಡುವಾಗ ತೋರು ಬೆರಳು ಅಡ್ಡ ಹಿಡಿದು ಕೈ ಸುತ್ತಿಸುವ ಸಿಗ್ನಲ್‌ಗೇ ಅರ್ಧ ಗಂಟೆ. ನಮ್ಮ ಕೋರ್ಟುಗಳಲ್ಲಿ ಸ್ಕೋರ್‌ಬೋರ್ಡೇ ಸರಿಯಾಗಿ ಉರಿಯಲ್ಲ, ರೀಪ್ಲೇ ಎಲ್ಲಿಂದ ಬರಬೇಕು? ದಾಳಿ ತಂಡಕ್ಕೆ ರೀಬೌಂಡ್ ಸಿಕ್ಕರೆ ಶಾಟ್ ಕ್ಲಾಕ್, ಅಂದರೆ ಬುಟ್ಟಿಗೆ ಎಸೆಯಲು ಇರುವ ಗಡುವು, 14 ಸೆಕೆಂಡಿಗೆ ಬರುವ ನಿಯಮ ನನಗೆ ಹೊಸದು. ಅದಕ್ಕೆ ಕೊಟ್ಟಿದ್ದು ಐದು ನಿಮಿಷ.

ಇದೆಲ್ಲಕ್ಕಿಂತ ಸಿಟ್ಟು ಬಂದಿದ್ದು ಅವರು ಕೊಟ್ಟ ಸಿಗ್ನಲ್ ಚಾರ್ಟ್ ನೋಡಿ. ಜೆರಾಕ್ಸಿನ ಜೆರಾಕ್ಸ್. ಕೈಗಳೆಲ್ಲ ಕಪ್ಪು ಮಸಿ. ಅಂಗೈ ಯಾವುದು, ಹಿಂಬದಿ ಯಾವುದು ಅಂತ ಗೊತ್ತೇ ಆಗಲ್ಲ. ಈ ಸಿಗ್ನಲ್‌ನಲ್ಲಿ ಇರುವುದೇ ಅದೊಂದು ವ್ಯತ್ಯಾಸ, ಸ್ವಾಮಿ!

ಮಧ್ಯಾಹ್ನ ಊಟ ಆದ ಮೇಲೆ ಬೇರೆಯೇ ಕ್ಲಾಸ್ ಶುರುವಾಯಿತು ಅನ್ನಿಸಿತು. ಕಲಿಸಲು ಬಂದ ಹಿರಿಯ ರೆಫ್ರಿ ಸರ್ ನಮ್ಮನ್ನು ಕೋರ್ಟಿಗೆ ಕರೆದುಕೊಂಡು ಹೋಗಿ, ಅರ್ಧ ಜನರನ್ನು ಸ್ಕೋರರ್ ಟೇಬಲ್‌ನಲ್ಲಿ ಕೂರಿಸಿದರು. ಇನ್ನರ್ಧ ಜನ ಓಡಿಬಂದು ನಿಂತು ಫೌಲ್ ಹೇಳಬೇಕು: ನಂಬರ್, ಎಂಥ ಫೌಲ್, ಆಮೇಲೆ ಫ್ರೀ ಥ್ರೋ ಎಷ್ಟು ಅಥವಾ ಬಾಲ್ ಯಾವ ಕಡೆಗೆ. ಬಾಯಿ ಬಿಡುವ ಹಾಗಿಲ್ಲ, ಬರೀ ಕೈ. ಕೂತವರು ಕಂಡಿದ್ದನ್ನು ಬರೆದುಕೊಳ್ಳಬೇಕು. ಸರದಿ ಮುಗಿದಾಗ ಹಾಳೆ ತಾಳೆ ನೋಡಿದರೆ ನನ್ನ ಹತ್ತು ನಂಬರಿನಲ್ಲಿ ನಾಲ್ಕು ತಪ್ಪು. ಟೇಬಲ್‌ನಲ್ಲಿ ಕೂತಾಗ ಇನ್ನೊಂದು ತಿಳಿಯಿತು. ಹತ್ತರ ಸ್ಥಾನ ತೋರಿಸಿ ಒಂದು ಕ್ಷಣ ನಿಲ್ಲಿಸದೆ ಹೋದರೆ, ಕೈ ತಿರುಗಿಸಿದ್ದರೂ ಕೂತವರಿಗೆ ಅದು ಕಾಣುವುದೇ ಇಲ್ಲ. ಇಷ್ಟು ವರ್ಷದಲ್ಲಿ ನಾನು ಆ ಕುರ್ಚಿಯಲ್ಲಿ ಒಂದು ಸಲವೂ ಕೂತಿರಲಿಲ್ಲ. 2017ರಲ್ಲಿ ಕಂಠೀರವದ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ಗ್ಯಾಲರಿಯಿಂದ ನೋಡಿದ್ದೆ. ರೆಫ್ರಿಗಳು ಅಷ್ಟು ನಿಧಾನವಾಗಿ ಯಾಕೆ ತೋರಿಸುತ್ತಾರೆ, ಸುಮ್ನೆ ಸ್ಟೈಲಾ ಅಂದುಕೊಂಡಿದ್ದೆ.

ಆ ಸರ್ ಸಮಾಧಾನವನ್ನೂ ಹೇಳಿದರು. ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜರ್ಸಿ ಮೇಲೆ 0ರಿಂದ 5ರವರೆಗಿನ ಅಂಕಿಗಳಷ್ಟೇ ಇರಬೇಕಿತ್ತಂತೆ, ಒಂದೊಂದು ಅಂಕಿ ಒಂದೊಂದು ಕೈಯಲ್ಲಿ ಮುಗಿಯಲಿ ಅಂತ. 2023-24ರಿಂದ ಅಲ್ಲಿಯೂ 99ರವರೆಗೆ ಬಿಟ್ಟಿದ್ದಾರೆ. ಅಂದರೆ ಅಲ್ಲಿನ ರೆಫ್ರಿಗಳೂ ನಮ್ಮಂತೆಯೇ ಹೊಸದಾಗಿ ಕೈ ಪಳಗಿಸಬೇಕಾಯಿತು.

ಭಾನುವಾರ ನಿಜವಾದ ಪಂದ್ಯ ಆಡಿಸಿದರು. ಹುಡುಗರಿಗೆ ಬೇಕಂತಲೇ 15, 16, 51, 61, 00 ನಂಬರಿನ ಬಿಬ್ ಕೊಟ್ಟಿದ್ದರು. ಇದು ನಿಜಕ್ಕೂ ಜಾಣತನ. ಉಸಿರು ಕಟ್ಟಿ ಓಡಿದ ಮೇಲೆ ಕೈ ಹೇಗೆ ಹಳೇ ದಾರಿಗೆ ಬೀಳುತ್ತೆ ಅಂತ ಕನ್ನಡಿ ಮುಂದೆ ನಿಂತರೆ ಗೊತ್ತಾಗಲ್ಲ. ಮೂರನೇ ಆಟದ ಹೊತ್ತಿಗೆ ನಾನು 16 ಸರಿಯಾಗಿ ತೋರಿಸಿದೆ. 00 ಬಂದಾಗ ಮಾತ್ರ ಒಂದೇ ಕೈಯಲ್ಲಿ ಸೊನ್ನೆ ತೋರಿಸಿ, ಆಮೇಲೆ ನೆನಪಾಗಿ ಎರಡನೇ ಕೈ ಎತ್ತಿದೆ. ಒಳಗೆ ಗುಂಡು ಇರುವ ನನ್ನ ಹಳೇ ವಿಶಲ್ ನೋಡಿ ಸರ್ ನಕ್ಕರು. ಫಾಕ್ಸ್ 40 ಅನ್ನುವ ವಿಶಲ್ ಮಾಡಿದ ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಕೂಡ ಬ್ಯಾಸ್ಕೆಟ್‌ಬಾಲ್ ರೆಫ್ರಿಯೇ. ಪಂದ್ಯದ ಮಧ್ಯೆ ಗುಂಡು ಸಿಕ್ಕಿಕೊಂಡು ವಿಶಲ್ ಊದದೆ ಹೋಗಿದ್ದಕ್ಕೇ ಗುಂಡಿಲ್ಲದ ವಿಶಲ್ ಮಾಡಿಸಿದ್ದು. ಸರಿ, ಅದನ್ನೂ ಕೊಂಡುಕೊಂಡೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಶನಿವಾರ ಬೆಳಿಗ್ಗೆಗೆ ಸೊನ್ನೆ, ಉಳಿದದ್ದಕ್ಕೆ ಪೂರ್ತಿ. ಸಿಗ್ನಲ್ ಮೊಬೈಲ್‌ನಲ್ಲೇ ಕಲೀಬಹುದು, ನಿಜ. ಆದರೆ ನಿಮ್ಮ ಕೈ ಎದುರಿನವರಿಗೆ ಏನು ಹೇಳಿತು ಅಂತ ಬರೆದು ತೋರಿಸಲು ಎದುರಿಗೆ ಒಬ್ಬರು ಕೂರಲೇಬೇಕು. 1,500 ಕೊಟ್ಟಿದ್ದು ಅದಕ್ಕೆ. ಊಟ ಚೆನ್ನಾಗಿತ್ತು, ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡೆ. ಮುಂದಿನ ಬ್ಯಾಚಿಗೆ ಹೋಗುವವರು ಫಿಬಾ ಪಿಡಿಎಫ್‌ನ ಸಿಗ್ನಲ್ ಪುಟಗಳನ್ನು ಮನೆಯಿಂದಲೇ ಪ್ರಿಂಟ್ ತೆಗೆಸಿಕೊಂಡು ಹೋಗಿ, ಅವರು ಕೊಡುವ ಜೆರಾಕ್ಸ್ ನಂಬಬೇಡಿ. ಟೋಪಿ ಮರೆಯಬೇಡಿ, ಆ ಟೇಬಲ್‌ಗೆ ನೆರಳಿಲ್ಲ.