ಮೊದಲು ಆದಿಕಾಂಡವೋ, ವಿಮೋಚನಕಾಂಡವೋ?

ರಾಯಚೂರಿನ ನಿಮ್ಮ ಯುವಕರ ಗುಂಪಿಗೆ ಮೋಶೆಯ ಐದು ಪುಸ್ತಕಗಳಲ್ಲಿ (ಬೈಬಲ್‌ನ ಮೊದಲ ಐದು) ಯಾವುದನ್ನು ಮೊದಲು ಓದಿಸಲಿ ಎಂದು ಕೇಳಿದ್ದೀರಿ.

ಓದಲು ಸಲೀಸು ಆದಿಕಾಂಡ. 50 ಅಧ್ಯಾಯವಿದ್ದರೂ ಬಹುಪಾಲು ಕಥೆಯೇ. ವಂಶಾವಳಿಗಳನ್ನು ಸುಮ್ನೆ ದಾಟಿಸಿ. 37ನೇ ಅಧ್ಯಾಯದಿಂದ ಯೋಸೇಫನ ಕಥೆ. ಅಣ್ಣಂದಿರ ಹೊಟ್ಟೆಕಿಚ್ಚು, ಬರ, ದವಸಕ್ಕಾಗಿ ಐಗುಪ್ತಕ್ಕೆ (ಈಜಿಪ್ಟ್) ಹೋಗುವುದು. ಗುಳೆ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ವಿಮೋಚನಕಾಂಡ 40 ಅಧ್ಯಾಯ. 12ನೇ ಅಧ್ಯಾಯದ ಪಸ್ಕದ ಕುರಿಮರಿಯಿಂದ (ಐಗುಪ್ತದಿಂದ ಬಿಡುಗಡೆಯಾದ ರಾತ್ರಿ ಇಸ್ರಾಯೇಲರು ಬಲಿಕೊಟ್ಟ ಮರಿ) ಯೇಸುವಿನ ಶಿಲುಬೆಗೆ ನೇರ ದಾರಿಯಿದೆ. ಆದರೆ 25ರಿಂದ ದೇವರ ಆರಾಧನೆಯ ಗುಡಾರದ ಅಳತೆಗಳೇ ಜಾಸ್ತಿ, ಹೊಸಬರು ಆಕಳಿಸುತ್ತಾರೆ.

ಧರ್ಮೋಪದೇಶಕಾಂಡ ಹೆಚ್ಚಾಗಿ ಉಪದೇಶ. ಅಡವಿಯಲ್ಲಿ ಪರೀಕ್ಷಿಸಿದ ಸೈತಾನನಿಗೆ ಯೇಸು ಕೊಟ್ಟ ಮೂರೂ ಉತ್ತರ ಇದರಿಂದಲೇ. ಸುವಾರ್ತೆ (ಯೇಸುವಿನ ಜೀವನ ಹೇಳುವ ಪುಸ್ತಕಗಳು) ಓದಿದವರಿಗೆ ರುಚಿಸುತ್ತದೆ.

ಬೈಬಲ್ ಮುಟ್ಟದವರೇ ಜಾಸ್ತಿಯಿದ್ದರೆ ಆದಿಕಾಂಡ ಹಿಡಿಯಿರಿ. ಈಸ್ಟರ್ ಹತ್ತಿರವಿದ್ದರೆ ವಿಮೋಚನಕಾಂಡದ ಮೊದಲ 20 ಅಧ್ಯಾಯ ಸಾಕು. ಯಾಜಕಕಾಂಡ, ಅರಣ್ಯಕಾಂಡ ಆಮೇಲೆ ನೋಡಿಕೊಳ್ಳಿ.