ಒಂದೇ ಮಾದರಿಯ ಎರಡು ಕಾರುಗಳು: ಒಂದನ್ನು ಉಳಿಸಿದೆ, ಇನ್ನೊಂದನ್ನು ಬದಲಿಸಿದೆ

ಹಳೆಯ ಕಾರನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕೋ ಅಥವಾ ಇಂದಿನ ರಸ್ತೆಗೆ ಒಗ್ಗುವಂತೆ ಮಾರ್ಪಡಿಸಬೇಕೋ ಎಂಬ ಪ್ರಶ್ನೆಗೆ ಎರಡೂ ಕಡೆಯಿಂದ ಉತ್ತರ ಹುಡುಕುವ ಅವಕಾಶ ನನಗೆ ಸಿಕ್ಕಿತು. ನನ್ನ ಬಳಿ ಎರಡು ಎಂಜಿಬಿ ರೋಡ್‌ಸ್ಟರ್‌ಗಳಿವೆ, ಅಂದರೆ ಮಾಡು ತೆರೆಯುವ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು. 1962ರಿಂದ 1980ರವರೆಗೆ ತಯಾರಾದ ಈ ಮಾದರಿಯದು 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ನನ್ನ 1966ರ ಕಾರು ಮೊದಲ ಬಣ್ಣ, ಮೊದಲ ಎಂಜಿನ್, ಸವೆದರೂ ಹರಿಯದ ಮೊದಲ ಸೀಟುಗಳೊಂದಿಗೆ ಬಂದಿತ್ತು. 1972ರದ್ದು ಎಂಜಿನ್ ಇಲ್ಲದ, ಎರಡು ಸಲ ಬಣ್ಣ ಬದಲಾಗಿದ್ದ ಬರಿಯ ಒಡಲು. ಮೊದಲನೆಯದನ್ನು ಉಳಿಸಿದೆ, ಎರಡನೆಯದಕ್ಕೆ ಫ್ಯುಯೆಲ್ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ) ಇರುವ ಆಧುನಿಕ ಎರಡು ಲೀಟರ್ ಎಂಜಿನ್ ಮತ್ತು ಐದು ಗೇರಿನ ಗೇರ್‌ಬಾಕ್ಸ್ ಕೂರಿಸಿದೆ.

ಓಡಿಸುವ ಸುಖದ ಮಟ್ಟಿಗೆ ಹೇಳುವುದಾದರೆ ಮಾರ್ಪಡಿಸಿದ ಕಾರೇ ಮೇಲು, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಚಳಿಯ ಬೆಳಗಿನಲ್ಲಿ ಚೋಕ್ ಎಳೆಯಬೇಕಿಲ್ಲ, ಹೆದ್ದಾರಿಯಲ್ಲಿ ಎಂಜಿನ್ ಅರಚುವುದಿಲ್ಲ, ಲಾರಿಯನ್ನು ಹಿಂದಿಕ್ಕುವಾಗ ಲೆಕ್ಕ ಹಾಕಬೇಕಿಲ್ಲ. 1966ರ ಕಾರಿನ 95 ಅಶ್ವಶಕ್ತಿ ಸಾಲದೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಇನ್ನೊಂದನ್ನು ಓಡಿಸಿ ಬಂದ ದಿನ ಮಾತ್ರ ಹಾಗೆ ಅನ್ನಿಸುತ್ತಿತ್ತು.

ಆದರೆ ಮಾರ್ಪಾಡು ಒಂದಕ್ಕೇ ನಿಲ್ಲುವುದಿಲ್ಲ ಎಂಬುದು ಕೈ ಹಾಕಿದ ಮೇಲೆ ತಿಳಿಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಜೋಡಿ ಕಾರ್ಬ್ಯುರೇಟರ್‌ಗಳಿಗೆ ಸುಮಾರು 3 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಪೆಟ್ರೋಲ್ ಸಾಕು. ಇಂಜೆಕ್ಷನ್ನಿಗೆ 40 ಪಿಎಸ್‌ಐಗೂ ಹೆಚ್ಚು ಬೇಕು. ಆದ್ದರಿಂದ ಪಂಪು ಬದಲಾಯಿತು, ಪಂಪಿನಿಂದಾಗಿ ಪೈಪುಗಳು ಬದಲಾದವು, ಉಳಿದ ಪೆಟ್ರೋಲ್ ಹಿಂದಿರುಗಲು ಟ್ಯಾಂಕಿಗೆ ಇನ್ನೊಂದು ತೂತು ಬಿತ್ತು. ಶಕ್ತಿ ಹೆಚ್ಚಿದ್ದರಿಂದ ದೊಡ್ಡ ಬ್ರೇಕ್ ಡಿಸ್ಕ್ ಬೇಕಾಯಿತು, ಆ ಡಿಸ್ಕ್‌ಗೆ ದೊಡ್ಡ ಚಕ್ರ, ಆ ಚಕ್ರಕ್ಕಾಗಿ ಹಿಂದಿನ ಮಡ್‌ಗಾರ್ಡಿನ ಅಂಚನ್ನು ಕತ್ತರಿಸಬೇಕಾಯಿತು. ನಾನು ಆರಿಸಿಕೊಂಡ ಗೇರ್‌ಬಾಕ್ಸ್ ಕೂರಲಿಲ್ಲವೆಂದು ಅದನ್ನು ಮುಚ್ಚುವ ನಡುವಿನ ಟನಲ್ಲನ್ನೂ ಕೊಯ್ದೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಒಡಲೇ ಭಾರ ಹೊರುತ್ತದೆ. ಹಾಗಾಗಿ ಎಲ್ಲಿ ಕೊಯ್ದರೂ ಎಲುಬನ್ನು ಕೊಯ್ದಂತೆಯೇ. ಕೊಯ್ದ ಕಡೆಯಲ್ಲೆಲ್ಲ ಮತ್ತೆ ತಗಡು ಬೆಸೆದು ಬಲಪಡಿಸಲು ಹಿಡಿದ ಸಮಯ ಎಂಜಿನ್ ಕೂರಿಸಲು ಹಿಡಿದ ಸಮಯಕ್ಕಿಂತ ಹೆಚ್ಚು.

ಉಳಿಸಿದ ಕಾರಿನ ಕೆಲಸ ಬೇರೆ ಬಗೆಯದು. ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಸಂದನ್ನು ಆಗಾಗ 0.35ರಿಂದ 0.40 ಮಿಲಿಮೀಟರಿಗೆ ಹೊಂದಿಸಬೇಕು, ಕಾರ್ಬ್ಯುರೇಟರಿನ ಡ್ಯಾಂಪರಿಗೆ ಎಣ್ಣೆ ಹಾಕಬೇಕು, ಚಕ್ರಗಳ ಕುಲುಕಾಟ ತಡೆಯುವ ಲೀವರ್ ಡ್ಯಾಂಪರುಗಳು ಸೋರುತ್ತಿವೆಯೇ ಎಂದು ನೋಡಬೇಕು. ಇವು ಬೇಸರದ ಕೆಲಸಗಳೇ. ಮೇಲಾಗಿ, ಮುಟ್ಟದೆ ಉಳಿಸುವುದು ಎಂಬ ಮಾತೂ ಪೂರ್ತಿ ನಿಜವಲ್ಲ. ಹಿಂದೆ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸವೇ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್‌ಗಳು (ಹೊಗೆ ಹೊರಬಿಡುವ ಕವಾಟಗಳು) ಕೂರುವ ಸೀಟುಗಳು ಸವೆಯದಂತೆ ಕಾಯುತ್ತಿತ್ತು. ಸೀಸರಹಿತ ಪೆಟ್ರೋಲಿಗಾಗಿ ಹೆಡ್ ಬಿಚ್ಚಿಸಿ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಬೇಕಾಯಿತು. ಎಥನಾಲ್ ಬೆರೆತ ಇಂಧನ ಹಳೆಯ ರಬ್ಬರನ್ನು ತಿನ್ನುವುದರಿಂದ ಪೈಪುಗಳನ್ನೂ ಬದಲಿಸಿದೆ. ಬೆನ್ನುಮೂಳೆಯ ಮೇಲಿನ ಗೌರವದಿಂದ ಮೂರು ಬಿಂದುಗಳ ಸೀಟ್ ಬೆಲ್ಟ್ ಕಟ್ಟಿಸಿದೆ. ಮೂಲಸ್ಥಿತಿಯ ಕಟ್ಟಾಭಿಮಾನಿಗಳು ಇದಕ್ಕೂ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಎರಡರ ನಿಜವಾದ ಅಂತರ ಗೊತ್ತಾದದ್ದು ಕೆಟ್ಟು ನಿಂತಾಗ. 1966ರ ಕಾರು ಒಮ್ಮೆ ದಾರಿಯಲ್ಲಿ ನಿಂತಾಗ ಪರಿಚಯವೇ ಇಲ್ಲದ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಅರ್ಧ ಗಂಟೆಯಲ್ಲಿ ಹೊರಡಿಸಿದರು. ಅವರು ಆ ಮಾದರಿಯನ್ನು ಹಿಂದೆ ಮುಟ್ಟಿರಲಿಲ್ಲ, ಆದರೆ ಅದರ ತಂತಿಗಳು ತಾವೇ ಮಾತಾಡುತ್ತವೆ: ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಕೀಲಿ ತಿರುಗಿಸಿದಾಗ ಜೀವ ಬರುವುದು, ಹಸಿರು ಕೀಲಿಯ ಜೊತೆಗೆ ಫ್ಯೂಸನ್ನೂ ದಾಟಿದ್ದು, ಕಪ್ಪು ಒಡಲಿಗೆ ಸೇರುವುದು. ನಾನು ಹೇಳಬೇಕಾಗಿದ್ದದ್ದು ಒಂದೇ, ಈ ಕಾರಿನಲ್ಲಿ ಬ್ಯಾಟರಿಯ ಧನ ತುದಿ ಒಡಲಿಗೆ ಸೇರಿದೆ ಎಂದು. ಕಾರ್ಖಾನೆಯ ಕೈಪಿಡಿ ಇಂದಿಗೂ ಆ ಕಾರಿನ ಪಾಲಿಗೆ ಸತ್ಯವಾಗಿಯೇ ಉಳಿದಿದೆ.

1972ರದ್ದು ಮಳೆಯ ರಾತ್ರಿ ನಿಂತಿತು. ಅದನ್ನು ನೋಡಲು ಬಂದವರು ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಟಾರ್ಚ್ ಹಿಡಿದು, ಇದರ ನಕ್ಷೆ ಎಲ್ಲಿದೆ ಎಂದು ಕೇಳಿದರು. ನಕ್ಷೆ ಇರಲಿಲ್ಲ. ಆ ವೈರಿಂಗ್ ಮಾಡಿದವನು ನಾನೇ, ಕೈಗೆ ಸಿಕ್ಕ ಕೆಂಪು ತಂತಿಯನ್ನೇ ಎಲ್ಲ ಕಡೆಗೂ ಎಳೆದಿದ್ದೆ. ಯಾವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಪಂಪಿನದು, ಯಾವುದು ಫ್ಯಾನಿನದು ಎಂದು ನನಗೇ ನೆನಪಿರಲಿಲ್ಲ. ಮಾರ್ಪಡಿಸಿದ ಕ್ಷಣದಿಂದ ಕಾರ್ಖಾನೆಯ ಕೈಪಿಡಿ ಆ ಕಾರಿನ ಪಾಲಿಗೆ ಸುಳ್ಳಾಗಿತ್ತು, ಅದರ ಜಾಗದಲ್ಲಿ ಬೇರೆ ಕೈಪಿಡಿಯನ್ನು ನಾನು ಬರೆದಿರಲಿಲ್ಲ.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟುರಿನ್ ಸನ್ನದು, ಸ್ಮಾರಕಗಳ ಬಗೆಗಿನ 1964ರ ವೆನಿಸ್ ಸನ್ನದಿನ ಜಾಡಿನಲ್ಲಿ, ವಾಹನಕ್ಕೆ ಮಾಡಿದ ಕೆಲಸಗಳನ್ನೆಲ್ಲ ದಾಖಲಿಸಬೇಕೆಂದು ಹೇಳುತ್ತದೆ. ವಸ್ತುಸಂಗ್ರಹಾಲಯದವರ ಶಿಸ್ತು ಎಂದು ನಾನು ಅದನ್ನು ಬದಿಗಿಟ್ಟಿದ್ದೆ. ಆ ಮಳೆಯಲ್ಲಿ ಅದು ಶುದ್ಧ ವ್ಯವಹಾರದ ಮಾತಾಗಿ ಕಂಡಿತು.

ಆದ್ದರಿಂದ ಆಯ್ಕೆಯ ಬಗ್ಗೆ ಯಾರಾದರೂ ಕೇಳಿದರೆ, ಕಾರಿನಲ್ಲಿ ಉಳಿಸಲು ಏನಿದೆ ಎಂದು ಮೊದಲು ನೋಡಿ ಎನ್ನುತ್ತೇನೆ. ಮೊದಲ ಬಣ್ಣ, ಮೊದಲ ಎಂಜಿನ್ ಇರುವ ಕಾರನ್ನು ಕೊಯ್ಯಲು ನನ್ನ ಕೈ ಏಳುವುದಿಲ್ಲ. ಅದಕ್ಕೆ ಬೋಲ್ಟಿನಲ್ಲಿ ಕೂತು ಬೋಲ್ಟಿನಲ್ಲೇ ಕಳಚುವಂಥ ಬದಲಾವಣೆ ಸಾಕು, ಕಳಚಿದ ಭಾಗಗಳು ಚೀಟಿ ಅಂಟಿಸಿಕೊಂಡು ಪೆಟ್ಟಿಗೆಯಲ್ಲಿರಲಿ. ಬರಿಯ ಒಡಲು ಸಿಕ್ಕರೆ ಮಾರ್ಪಡಿಸುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. 1972ರ ಕಾರಿಗೆ ಆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆ ಕೆಂಪು ತಂತಿಗಳ ವಿಷಯವೊಂದನ್ನು ಬಿಟ್ಟು. ಈಗ ಅವನ್ನು ಒಂದೊಂದಾಗಿ ಕಿತ್ತು ಕಾರ್ಖಾನೆಯ ಬಣ್ಣಗಳ ಕ್ರಮದಲ್ಲೇ ಮತ್ತೆ ಎಳೆಯುತ್ತಿದ್ದೇನೆ. ನಕ್ಷೆಯ ನಾಲ್ಕು ಹಾಳೆಗಳು ಮುಗಿದಿವೆ, ಡ್ಯಾಶ್‌ಬೋರ್ಡಿನ ಹಿಂಭಾಗ ಇನ್ನೂ ಬಾಕಿ ಇದೆ.